ಉದ್ದ ಕೊಕ್ಕಿನ ಹಕ್ಕಿ

ಕೆರೆಯ ಮೇಲೆ ದಟ್ಟ ಮಂಜು, ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಹೆಂಡತಿ ಹೆಣೆದ ಕುಚ್ಚಿನ ಟೋಪಿ ಹಾಕಿಕೊಂಡು, ಕಂಬಳಿ ಹೊದ್ದು ಜೊಂಡಿನ ನಡುವೆ ಕೂತಿದ್ದ ನನಗೆ ಎದುರು ದಡದಲ್ಲಿ ಆ ಹಕ್ಕಿ ಕಂಡಿತು. ಇದ್ದಷ್ಟು ಬೆಳಕಿನಲ್ಲೇ ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದೆ.

ಭಾನುವಾರ ಫೋಟೋ ಕ್ಲಬ್ಬಿನಲ್ಲಿ ಅದನ್ನು ತೋರಿಸಿದೆ.

"ಪೂರ್ತಿ ಮಸುಕಾಗಿದೆಯಲ್ರೀ," ಎಂದರು ಅಧ್ಯಕ್ಷರು.

"ಕೊಕ್ಕು ನೋಡಿ ಸಾರ್, ಎಷ್ಟುದ್ದ. ಇಂಥ ಹಕ್ಕಿ ಯಾವ ಪುಸ್ತಕದಲ್ಲೂ ಇಲ್ಲ. ಒಂಚೂರೂ ಅಲ್ಲಾಡದೆ ನನ್ನನ್ನೇ ನೋಡ್ತಾ ಕೂತಿತ್ತು."

ಮೊನ್ನೆಯಷ್ಟೇ ಮೊಳದುದ್ದದ ಲೆನ್ಸ್ ಕೊಂಡಿದ್ದ ಹಾಲಪ್ಪನವರು ನಕ್ಕರು. "ಅವತ್ತು ನಾನೂ ಅದೇ ಕೆರೇಲಿದ್ದೆ. ಹಕ್ಕಿ ಬಿಡ್ರೀ, ಎದುರು ದಡದಲ್ಲಿ ನಂಗೆ ಕರಡೀನೇ ಸಿಕ್ತು."

ಪರದೆಯ ಮೇಲೆ ಅವರ ಕರಡಿ ಮೂಡಿತು. ಅದರ ನೆತ್ತಿಯ ಮೇಲೊಂದು ಕುಚ್ಚಿತ್ತು.