ಬಿಸಿ ಟೈರಿನ ಗುರುತು

ಬ್ರಷ್ಷಿನ ಕೂದಲು ಬಾಗಿತೇ ಹೊರತು ಕಲೆ ಹೋಗಲಿಲ್ಲ. ಟ್ರೂಡಿ ಮಂಡಿಯೂರಿ ಮತ್ತೆ ತಿಕ್ಕಿದಳು. ಗ್ಯಾರೇಜಿನ ಬೂದು ನೆಲದ ಮೇಲೆ ನಾಲ್ಕು ಕಂದು ಪಟ್ಟೆಗಳು. ನಿನ್ನೆ ಸಂಜೆ ತೋಳು ಸೋಲುವಂತೆ ಉಜ್ಜಿ ಮಸುಕು ಮಾಡಿದ್ದಳು. ಇಂದು ಕೆಲಸದಿಂದ ಬರುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಹಾಜರು.

ಅವಳ ಪುಟ್ಟ ಕಾರು ಬೀದಿಯಲ್ಲೇ ನಿಲ್ಲುತ್ತದೆ. ಪಟ್ಟೆಗಳ ನಡುವಿನ ಅಂತರ ಅದರ ಚಕ್ರಗಳ ಅಂತರಕ್ಕಿಂತ ಹೆಚ್ಚು. ಯಾವುದೋ ದೊಡ್ಡ ಗಾಡಿ.

ಗಂಡ ಗ್ರಾಂಟ್‌ನ ಪಿಕಪ್ ಪರ್ತ್ ವಿಮಾನ ನಿಲ್ದಾಣದಲ್ಲಿದೆ; ಅವನು ಉತ್ತರದ ಕಬ್ಬಿಣದ ಗಣಿಯಲ್ಲಿ. ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ, ಈ ಬೀದಿಯ ಅರ್ಧದಷ್ಟು ಗಂಡಸರ ಹಾಗೆ. ಹೋದ ರಜೆಯಲ್ಲಿ ಈ ನೆಲಕ್ಕೆ ಹೊಳೆಯುವ ಎಪಾಕ್ಸಿ ಬಣ್ಣ ಬಳಿದವನು ಅವನೇ. ಶುಕ್ರವಾರ ಬಂದವನು ಮೊದಲು ನೋಡುವುದೂ ಇದನ್ನೇ. ಅವನ ಮೊದಲ ಹೆಂಡತಿ, ಅವನು ಗಣಿಯಲ್ಲಿದ್ದಾಗ ಮನೆಗೆ ಬಂದುಹೋಗುತ್ತಿದ್ದವನ ಜೊತೆ ಹೊರಟುಹೋದವಳು. ಈ ಗುರುತು ಕಂಡರೆ ಎರಡನೆಯವಳ ಮಾತನ್ನು ಅವನು ನಂಬುವುದುಂಟೇ?

ಪೊಲೀಸರಿಗೆ ಹೇಳಿದರೆ ಅವರು ಮೊದಲು ಫೋನ್ ಮಾಡುವುದು ಗ್ರಾಂಟ್‌ಗೆ. ಹೇಳಲು ಕಳುವಾದದ್ದೂ ಏನಿಲ್ಲ. ಬೀಗಗಳು ಹಾಗೇ ಇವೆ. ಬಚ್ಚಲಿನ ಟವೆಲ್ ಒದ್ದೆಯಿತ್ತು, ಫ್ರಿಜ್‌ನಲ್ಲಿ ಕುರಿಮಾಂಸ ಒಂದು ತುಂಡು ಕಡಿಮೆಯಿತ್ತು. ಅಥವಾ ಹೆದರಿಕೆಗೆ ಹಾಗನ್ನಿಸಿತೋ.

"ಸಾಕು ಬಿಡೇ, ನೆಲ ಸವೆದು ಹೋದೀತು!" ಬೇಲಿಯಾಚೆಯಿಂದ ಪಕ್ಕದ ಮನೆಯ ಮುದುಕಿ ಮಾವಿಸ್. "ಮಧ್ಯಾಹ್ನ ನಿಮ್ಮ ಶಟರ್ ಗಡಗಡ ಅಂತು. ನಾನು ಟೀವಿ ಬಿಟ್ಟು ಏಳೋಷ್ಟರಲ್ಲಿ ಮುಚ್ಕೊಂಡಿತ್ತು. ಯಾರೇ ಅದು?"

"ಯಾರೂ ಇಲ್ಲ."

"ಯಾರೂ ಇಲ್ಲದೋರು ದಿನಾ ಬರ್ತಾರಲ್ಲ!" ಮಾವಿಸ್ ಕಿಸಕ್ಕನೆ ನಕ್ಕಳು. "ನನಗ್ಯಾಕಮ್ಮ. ನಾನು ಯಾರಿಗೂ ಹೇಳಲ್ಲ."

ಅಂದರೆ ಆಗಲೇ ನಾಲ್ಕು ಮನೆಗೆ ಹೇಳಿದ್ದಾಳೆ.

ಸಂಜೆ ಗ್ರಾಂಟ್‌ನ ಫೋನ್ ಬಂತು. ಹಿನ್ನೆಲೆಯಲ್ಲಿ ಹೊರಳುವಂಥ ಮೊರೆತ, ಅದಿರಿನ ಯಂತ್ರಗಳಿರಬೇಕು. ಟ್ರೂಡಿ ಧೈರ್ಯ ಮಾಡಿ ಸುಳ್ಳು ಹೇಳಿದಳು.

"ನನ್ನ ಕಾರು ಒಳಗೆ ನಿಲ್ಲಿಸ್ದೆ. ನೆಲದ ಮೇಲೆ ಟೈರ್ ಕಲೆ ಆಗಿದೆ, ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ."



"ತಂತಿ ಬ್ರಷ್ ಮುಟ್ಟಬೇಡ," ಎಂದ. "ಜಿಡ್ಡು ತೆಗೆಯೋ ದ್ರಾವಣ ಸುರಿದು ಹತ್ತು ನಿಮಿಷ ಬಿಡು, ಒಣಗೋಕೆ ಬಿಡಬೇಡ. ಆಮೇಲೆ ನೈಲಾನ್ ಬ್ರಷ್, ಬಿಸಿನೀರು. ಟೈರ್ ಬಿಸಿ ಇದ್ದಾಗ ರಬ್ಬರಿನೊಳಗಿನ ಎಣ್ಣೆ ಹೊರಗೆ ಬರುತ್ತೆ, ಬಣ್ಣ ಅದನ್ನ ಕುಡಿದುಬಿಡುತ್ತೆ."

"ಮತ್ತೆ ಆಗದ ಹಾಗೆ?"

"ಟೈರ್ ಕೆಳಗೆ ಹಳೇ ಕಾರ್ಪೆಟ್ ತುಂಡು ಹಾಕ್ಬೇಕು. ರಬ್ಬರ್ ಚಾಪೆ ಬೇಡ, ಅದೂ ಕಲೆ ಬಿಡುತ್ತೆ. ಛೆ, ಮೊದಲೇ ಹೊಳೀಬೇಕಿತ್ತು."

"ಬೈಯಲ್ವಾ?"

"ಕಲೆ ತಾನೇ, ಟ್ರೂಡ್. ನಾಳೇನೂ ನಾಲ್ಕರವರೆಗೆ ಕೆಲಸಾನಾ?"

"ಹ್ಞೂಂ."

ಅವನು ಹೇಳಿದಂತೆಯೇ ಮಾಡಿದಳು. ಕಲೆ ಬಿಟ್ಟಿತು. ಶಾಲೆಯ ಕ್ಯಾಂಟೀನಿನಲ್ಲಿ ಮರುದಿನವೆಲ್ಲ ಅವಳಿಗೆ ಅದೇ ನೆಮ್ಮದಿ.

ಸಂಜೆ ಶಟರ್ ಎತ್ತಿದಾಗ ಕೈಯಲ್ಲಿದ್ದ ಚೀಲ ಜಾರಿ ಬಿತ್ತು. ಕಲೆಯಿರಲಿಲ್ಲ. ಕಲೆಯಿದ್ದ ನಾಲ್ಕು ಜಾಗಗಳಲ್ಲಿ ನಾಲ್ಕು ಹಳೇ ಕಾರ್ಪೆಟ್ ತುಂಡುಗಳಿದ್ದವು. ಅವಳು ಹಾಕಿದ್ದಲ್ಲ. ಬರುವವನು ಇಲ್ಲೇ ಬೇರೂರುವ ಏರ್ಪಾಡು ಮಾಡಿಕೊಂಡಿದ್ದ. ಹೆದರಿಕೆ ಹೋಗಿ ಅವಳಿಗೆ ರೇಗಿತು.

ಮಾರನೆಯ ದಿನ ಮಧ್ಯಾಹ್ನಕ್ಕೇ ರಜೆ ಹಾಕಿ ಬಂದಳು. ಒಂದು ಕೈಯಲ್ಲಿ ಕ್ರಿಕೆಟ್ ಬ್ಯಾಟು, ಇನ್ನೊಂದರಲ್ಲಿ ರಿಮೋಟ್. ಮಾವಿಸ್ ಈ ಸಲ ಬೇಲಿಗೆ ಆತುಕೊಂಡೇ ನಿಂತಿದ್ದಳು. ಶಟರ್ ಗಡಗಡನೆ ಮೇಲೇರಿತು. ಮೊದಲು ಟೈರು ಕಂಡಿತು, ಆಮೇಲೆ ಬಂಪರು, ಕೊನೆಗೆ ಸೀಟು ಹಿಂದಕ್ಕೆ ಬಾಗಿಸಿ ಮಲಗಿದ್ದ ಗಂಡಸು. ಅವನು ದಡಬಡಿಸಿ ಎದ್ದು ಕಣ್ಣುಜ್ಜಿಕೊಂಡ.

"ಈ ಸಲ ನಾನು ವಿಮಾನ ಹತ್ತೇ ಇಲ್ಲ, ಟ್ರೂಡ್," ಎಂದ ಗ್ರಾಂಟ್. "ರಾತ್ರಿ ಕಡಲ ದಂಡೇಲಿ, ಹಗಲು ಇಲ್ಲಿ. ಗಣಿಯೋರು ನನ್ನ ಬೇಡ ಅಂದ್ರು; ನೀನೂ ಹಾಗೇ ಅಂತೀಯೇನೋ ಅಂತ..."