ಹಾಯಿದೋಣಿಯಲ್ಲಿ ಕೂಗಿದ ಹೆಸರು

“ಸುದೇಶ್, ಈ ಹಗ್ಗ ಬಿಡ್ಲಾ?” ಎಂದು ನಯನ ಮತ್ತೆ ಕೇಳಿದ್ದೇ ಅವಳ ಗಂಡ ಮಾಲತೇಶ ಮುಖ ತಿರುಗಿಸಿ ಕುಳಿತ. ಹಾಯಿದೋಣಿ ಕುಮಟೆಯ ಕಡಲಬಂಡೆಗಳ ನಡುವೆ ಓಲಾಡುತ್ತಿತ್ತು. ದೋಣಿ ನಡೆಸುವವನನ್ನು ಅವಳು ಕಂಡದ್ದು ಬೆಳಿಗ್ಗೆಯಷ್ಟೇ. ಆಗಲೇ ಬಾಯಿ ತುಂಬ ಸುದೇಶ್, ಸುದೇಶ್! ಗಂಡನ ಹೆಸರು ಹೇಳಬಾರದೆಂದು ಸೊರಬದ ಮನೆಯಲ್ಲಿ ಅತ್ತೆ ಹೇಳಿಕೊಟ್ಟದ್ದನ್ನು ಮಾತ್ರ ಮದುವೆಯಾದಾಗಿನಿಂದ ಒಮ್ಮೆಯೂ ಮೀರಿದವಳಲ್ಲ. ಅವನು ಬರೀ “ರೀ”.

ಗಾಳಿ ಥಟ್ಟನೆ ದಿಕ್ಕು ಬದಲಿಸಿತು. ಹಾಯಿ ಕಟ್ಟಿದ್ದ ಅಡ್ಡಮರ ಅವನ ತಲೆಯತ್ತ ಬೀಸಿಕೊಂಡು ಬಂತು.

“ರೀ! ರೀ, ಇಲ್ನೋಡ್ರೀ!”

ಕೇಳಿಸಿತು. ಈಗ ನನ್ನ ನೆನಪಾಯಿತೇನೋ ಎಂದುಕೊಂಡು ಅವನು ಬೇಕೆಂದೇ ಕಡಲನ್ನು ನೋಡುತ್ತ ಕುಳಿತ.

“ಮಾಲತೇಶಾ, ಬಗ್ಗೋ!”

ಬೆಚ್ಚಿಬಿದ್ದು ಬಗ್ಗಿದ. ಅಡ್ಡಮರ ಕೂದಲು ಸವರಿಕೊಂಡು ಹೋಯಿತು. ನಯನ ನಾಲಿಗೆ ಕಚ್ಚಿಕೊಂಡು ಬಾಯಿಗೆ ಅಂಗೈ ಅಡ್ಡ ಹಿಡಿದಳು. ತನ್ನ ಹೆಸರು ಇಷ್ಟು ಚೆಂದವೇ ಎಂದು ಅವನ ಎದೆ ಉಬ್ಬಿತು. ಅಷ್ಟರಲ್ಲಿ ಚುಕ್ಕಾಣಿ ಹಿಡಿದು ನಗುತ್ತಿದ್ದ ಸುದೇಶ್ ಕಣ್ಣಿಗೆ ಬಿದ್ದ. ಅವಳ ಬಾಯಿಂದ ಮೊದಲ ಸಲ ಬಂದ ಆ ಹೆಸರನ್ನು ಇವನೂ ಕೇಳಿಸಿಕೊಂಡುಬಿಟ್ಟನಲ್ಲ ಎಂದು ಮಾಲತೇಶನ ಹೊಟ್ಟೆ ಮತ್ತೆ ಉರಿಯಿತು.