ಶೆಟ್ರ ಆಣೆ

ಮಗಳ ನಿಶ್ಚಿತಾರ್ಥದ ದಿನ ಮಟಮಟ ಮಧ್ಯಾಹ್ನವೇ ಕುಡಿದು ಬೀಗರ ಮೇಲೆ ಬಿದ್ದಿದ್ದ ಸಂಜೀವ ಶೆಟ್ರು, ಇನ್ನು ಸೂರ್ಯ ಮುಳುಗದೆ ಬಾಟಲಿ ತೆರೆಯುವುದಿಲ್ಲವೆಂದು ಹೆಂಡತಿ ಜಲಜಾಕ್ಷಿಯ ತಲೆ ಮುಟ್ಟಿ ಆಣೆ ಹಾಕಿದ್ದರು.

ಮಗಳ ಮದುವೆ ಮುಗಿಸಿ ಗಂಡ ಹೆಂಡತಿ ಇಬ್ಬರೂ ನಾರ್ವೆಯ ಉತ್ತರದ ತುದಿಗೆ ಪ್ರವಾಸ ಬಂದರು. ಜಲಜಾಕ್ಷಿ ಕಾರು ಓಡಿಸಿದರು. ದಾರಿಯುದ್ದಕ್ಕೂ ಮೀನುಗಾರರ ಊರುಗಳು, ಒಣಮೀನಿನ ಘಮ. ಶೆಟ್ರು ಬೀರಿನ ಬಾಟಲಿ ತಬ್ಬಿಕೊಂಡು ಕಾದರು. ತಂಗುವ ಊರು ತಲುಪಿ ಊಟ ಮುಗಿಸಿದರೂ ಬಿಸಿಲು ಇಳಿಯಲಿಲ್ಲ.

ಬಂದರಿನಲ್ಲಿ ಬಲೆ ಹೆಣೆಯುತ್ತಿದ್ದ ಮುದುಕನನ್ನು ಇಂಗ್ಲಿಷಿನಲ್ಲಿ ಕೇಳಿದರು, "ಇಲ್ಲಿ ಸೂರ್ಯ ಮುಳುಗುವುದು ಯಾವಾಗ?"

"ಜುಲೈ ಕೊನೆಗೆ."

ಶೆಟ್ರು ಹೆಂಡತಿಯತ್ತ ತಿರುಗಿದರು. "ನಿನಗೆ ಇದು ಮೊದಲೇ ಗೊತ್ತಿತ್ತಾ ಮಾರಾಯ್ತಿ?"

"ಗೊತ್ತಿಲ್ಲದೆ ಜೂನ್ ತಿಂಗಳಿಗೇ ಟಿಕೆಟ್ ಮಾಡಿಸ್ತೇನಾ?" ಎಂದ ಜಲಜಾಕ್ಷಿ, ಗಂಡನ ಕೈಯಿಂದ ಬಾಟಲಿ ತೆಗೆದುಕೊಂಡು ಮುಚ್ಚಳ ತೆರೆದು, ತಾವೇ ಗಟಗಟನೆ ಕುಡಿದರು.